ಮೂರು ಆಯಾಮದ ಮುಖದ ಸ್ಕ್ಯಾನಿಗೆ ಮಣಿಯುವ ಮಾದರಿಯನ್ನು ಕೂರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಯ ಕೊತ್ರೂಡ್‌ನಲ್ಲಿರುವ ನಮ್ಮ ಕೆಲಸದ ಕೋಣೆಗೆ ಬರುವ ಕನ್ನಡದ ವಿದ್ಯಾರ್ಥಿಗಳು, ದಂತವೈದ್ಯರು, ಅನಿಮೇಷನ್ ಕೆಲಸದವರು, ಹಾಗೆಯೇ ಮುಂಬಯಿಯ ಮಾಟುಂಗಾ, ಡೊಂಬಿವಲಿಗಳಿಂದ ಪತ್ರ ಬರೆಯುವ ಆಸಕ್ತರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲಿಯೇ ಇವೆ. ಉತ್ತರಗಳನ್ನು ಬಿಡಿಬಿಡಿಯಾಗಿ ಓದಬಹುದು. ಹೊಸಬರು ಮೇಲಿನಿಂದ ಓದುತ್ತ ಬರುವುದು ಒಳ್ಳೆಯದು.

## ಮೊದಲ ಮೆಟ್ಟಿಲು

ಸ್ಕ್ಯಾನ್ ಮಾಡಿದ ಮೇಲೆ ಮುಖ ಸಿಕ್ಕೇ ಸಿಕ್ಕಿತಲ್ಲ, ಅದರ ಮೇಲೆ ಇನ್ನೊಂದು ಮಾದರಿಯನ್ನು ಕೂರಿಸುವುದು ಯಾಕೆ?

ಸ್ಕ್ಯಾನರ್ ನಮ್ಮ ಕೈಗೆ ಕೊಡುವುದು ಲಕ್ಷಾಂತರ ಬಿಂದುಗಳನ್ನು, ಅಥವಾ ಆ ಬಿಂದುಗಳನ್ನು ಹೆಣೆದು ಮಾಡಿದ, ಮೆಶ್ ಎಂದು ಕರೆಯುವ ತ್ರಿಕೋನಗಳ ಜಾಲವನ್ನು. ಅದರಲ್ಲಿ ಯಾವ ಬಿಂದು ಮೂಗಿನ ತುದಿ, ಯಾವುದು ಎಡಗಣ್ಣಿನ ಒಳಮೂಲೆ ಎಂಬುದು ಎಲ್ಲಿಯೂ ಬರೆದಿರುವುದಿಲ್ಲ. ಒಬ್ಬರದೇ ಮುಖವನ್ನು ಐದು ನಿಮಿಷ ಬಿಟ್ಟು ಎರಡನೆಯ ಸಲ ಸ್ಕ್ಯಾನ್ ಮಾಡಿದರೆ ಬಿಂದುಗಳ ಸಂಖ್ಯೆ ಬೇರೆ, ಅವುಗಳ ಕ್ರಮ ಬೇರೆ, ತೂತು ಬಿದ್ದ ಜಾಗವೂ ಬೇರೆ. ಹೀಗಿರುವಾಗ ಎರಡು ಮುಖಗಳ ಸರಾಸರಿ ತೆಗೆಯುವುದಾಗಲಿ, ಶಸ್ತ್ರಚಿಕಿತ್ಸೆಗೆ ಮುಂಚೆ ಮತ್ತು ಆಮೇಲೆ ಕೆನ್ನೆ ಎಷ್ಟು ಬದಲಾಯಿತೆಂದು ಅಳೆಯುವುದಾಗಲಿ ನೇರವಾಗಿ ಸಾಧ್ಯವಿಲ್ಲ. ಬಿಂದುಗಳ ಸಂಖ್ಯೆಯೂ ಕ್ರಮವೂ ಮೊದಲೇ ಗೊತ್ತಿರುವ ಒಂದು ಮಾದರಿ ಮುಖವನ್ನು ತಂದು, ಅದನ್ನು ಸ್ಕ್ಯಾನಿನ ಆಕಾರಕ್ಕೆ ಮಣಿಸಿ ಕೂರಿಸಿದಾಗ ಪ್ರತಿ ಬಿಂದುವಿಗೂ ಒಂದು ಹೆಸರು ಬರುತ್ತದೆ. ಆಗ ನಿಮ್ಮ ಮುಖದ ಮೂರುಸಾವಿರದನೆಯ ಬಿಂದುವೂ ನನ್ನ ಮುಖದ ಮೂರುಸಾವಿರದನೆಯ ಬಿಂದುವೂ ಒಂದೇ ಜಾಗವನ್ನು ಸೂಚಿಸುತ್ತವೆ. ಈ ಹೊಂದಾಣಿಕೆಯೇ ಇಡೀ ಕೆಲಸದ ಫಲ. ಇದು ಕೆಟ್ಟರೆ ಮುಂದಿನ ಲೆಕ್ಕಗಳೆಲ್ಲ ಕೆಡುತ್ತವೆ.

ಮಣಿಯುವ ಮಾದರಿ ಅಂದರೆ ಜೇಡಿಮಣ್ಣಿನ ಹಾಗೆ ಎತ್ತ ಬೇಕಾದರೂ ಬಾಗುತ್ತದೆಯೇ?

ಇಲ್ಲ, ಅದರ ಬೆಲೆ ಇರುವುದೇ ಬಾಗದಿರುವ ದಿಕ್ಕುಗಳಲ್ಲಿ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಫ್ರೆಡ್ ಪಾರ್ಕ್ 1970ರ ದಶಕದ ಆರಂಭದಲ್ಲಿ ಮಾಡಿದ ಕಂಪ್ಯೂಟರ್ ಮುಖದಲ್ಲಿ, ಯಾವ ಭಾಗ ಹೇಗೆ ಬದಲಾಗಬೇಕೆಂಬುದನ್ನು ಮನುಷ್ಯನೇ ಕೈಯಾರೆ ನಿರ್ಧರಿಸಿದ್ದ. 1999ರಲ್ಲಿ ಫೋಲ್ಕರ್ ಬ್ಲಾಂಜ್ ಮತ್ತು ಥಾಮಸ್ ವೆಟರ್ ಆ ನಿರ್ಧಾರವನ್ನು ನಿಜವಾದ ಮುಖಗಳಿಗೇ ಬಿಟ್ಟರು. ನೂರು ಗಂಡಸರು ಮತ್ತು ನೂರು ಹೆಂಗಸರ ತಲೆಗಳನ್ನು ಲೇಸರ್ ಸ್ಕ್ಯಾನರಿನಿಂದ ಅಳೆದು, ಎಲ್ಲವನ್ನೂ ಬಿಂದುವಿಗೆ ಬಿಂದು ಹೊಂದಿಸಿ, ಅವುಗಳ ಸರಾಸರಿಯನ್ನೂ ಆ ಸರಾಸರಿಯಿಂದ ಮುಖಗಳು ಯಾವ ಯಾವ ದಿಕ್ಕಿಗೆ ಹೆಚ್ಚಾಗಿ ಸರಿಯುತ್ತವೆ ಎಂಬುದನ್ನೂ ಪ್ರಧಾನ ಘಟಕ ವಿಶ್ಲೇಷಣೆಯಿಂದ, ಅಂದರೆ ಎಲ್ಲರೂ ಪಿಸಿಎ ಎನ್ನುವ ಲೆಕ್ಕದಿಂದ, ಕಂಡುಕೊಂಡರು. ಹೊಸ ಮುಖವೊಂದು ಬೇಕೆಂದರೆ ಸರಾಸರಿ ಮುಖಕ್ಕೆ ಈ ದಿಕ್ಕುಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಕೂಡಿಸಿದರಾಯಿತು. ಆ ಪ್ರಮಾಣಗಳನ್ನು ಗುಣಾಂಕಗಳೆನ್ನುತ್ತೇವೆ. ಮಾದರಿಯನ್ನು ಕೂರಿಸುವುದೆಂದರೆ ಸ್ಕ್ಯಾನಿಗೆ ಒಪ್ಪುವ ಗುಣಾಂಕಗಳನ್ನು ಹುಡುಕುವುದು.

ದೊಡ್ಡ ಸ್ಕ್ಯಾನರ್ ಕೊಳ್ಳುವ ಶಕ್ತಿ ಇಲ್ಲ. ಫೋನಿನಲ್ಲಿ ಆಗುತ್ತದೆಯೇ?

ಕಲಿಯುವುದಕ್ಕೆ ಧಾರಾಳವಾಗಿ ಸಾಕು. 2017ರ ಐಫೋನ್ ಎಕ್ಸ್‌ನಿಂದ ಈಚೆಗೆ ಆ ಸಾಲಿನ ಹಲವು ಫೋನುಗಳ ಮುಂಬದಿಯ ಕ್ಯಾಮೆರಾ ಮುಖದ ಮೇಲೆ ಕಣ್ಣಿಗೆ ಕಾಣದ 30,000ಕ್ಕೂ ಹೆಚ್ಚು ಅತಿಗೆಂಪು ಚುಕ್ಕೆಗಳನ್ನು ಚೆಲ್ಲಿ ಆಳವನ್ನು ಅಳೆಯುತ್ತದೆ. ಮುಖದ ಒಟ್ಟು ಆಕಾರ ಅದರಿಂದ ಚೆನ್ನಾಗಿಯೇ ಸಿಗುತ್ತದೆ. ಸುಕ್ಕು, ರೆಪ್ಪೆಯ ಅಂಚು, ಮೂಗಿನ ಹೊಳ್ಳೆಯ ಒಳತಿರುವುಗಳು ನುಣ್ಣಗಾಗಿಬಿಡುತ್ತವೆ. ಚಿಕಿತ್ಸೆಗೆ ಅಳತೆ ಕೊಡುವುದಾದರೆ ಮಾತ್ರ ಒಳ್ಳೆಯ ಸ್ಕ್ಯಾನರನ್ನು ಬಾಡಿಗೆಗಾದರೂ ತನ್ನಿ.

ನಮ್ಮ ಅತ್ತೆಯವರು ಮೂಗುಬೊಟ್ಟು ತೆಗೆಯುವುದಿಲ್ಲ ಅನ್ನುತ್ತಾರೆ. ಹಾಗೆಯೇ ಸ್ಕ್ಯಾನ್ ಮಾಡಬಹುದೇ?

ಮಾಡಬಹುದು, ಅವರನ್ನು ಒತ್ತಾಯಿಸಬೇಡಿ. ಹೊಳೆಯುವ ಹರಳು ಬೆಳಕನ್ನು ಕನ್ನಡಿಯಂತೆ ಬೇರೆ ದಿಕ್ಕಿಗೆ ಎಸೆಯುವುದರಿಂದ ಆ ಜಾಗದಲ್ಲಿ ಸ್ಕ್ಯಾನಿಗೆ ತೂತು ಬೀಳುತ್ತದೆ, ಇಲ್ಲವೇ ಚೂಪಾದ ಮುಳ್ಳೊಂದು ಎದ್ದು ನಿಲ್ಲುತ್ತದೆ. ಆ ಮುಳ್ಳನ್ನು ಅಳಿಸಿ ತೂತಾಗಿಯೇ ಬಿಡಿ. ಸುತ್ತಲಿನ ಚರ್ಮವನ್ನು ನೋಡಿ ಮಾದರಿಯೇ ಅದನ್ನು ತುಂಬುತ್ತದೆ. ಇದಕ್ಕಿಂತ ಹೆಚ್ಚು ತೊಂದರೆ ಕೊಡುವುದು ಬೆವರು ಮತ್ತು ಎಣ್ಣೆ. ಮೇ ತಿಂಗಳಿನಲ್ಲಿ ಮುಂಬಯಿಯ ಲೋಕಲ್ ರೈಲಿನಿಂದ ಇಳಿದು ಬಂದವರನ್ನು ನೇರವಾಗಿ ಸ್ಕ್ಯಾನಿಗೆ ಕೂರಿಸಿದರೆ ಹಣೆ ಮತ್ತು ಮೂಗಿನ ಬೆನ್ನು ಅಲೆಅಲೆಯಾಗಿ ಬರುತ್ತವೆ. ಹತ್ತು ನಿಮಿಷ ಫ್ಯಾನಿನ ಕೆಳಗೆ ಕೂರಿಸಿ, ಮುಖ ಒರೆಸಿ, ಹಣೆಯ ಮೇಲಿನ ಕೂದಲನ್ನು ಬಟ್ಟೆಯ ಪಟ್ಟಿಯಿಂದ ಹಿಂದಕ್ಕೆ ಕಟ್ಟಿ, ಆಮೇಲೆ ಶುರು ಮಾಡಿ. ಕುಂಕುಮ ಇದ್ದರೆ ಇರಲಿ. ಬಣ್ಣದ ಸ್ಕ್ಯಾನಿನಲ್ಲಿ ಅದೊಂದು ಒಳ್ಳೆಯ ಗುರುತು.

## ಕೆಲಸಕ್ಕೆ ಕೈ ಹಚ್ಚಿದ ಮೇಲೆ

ಕೂರಿಸುವ ಕೆಲಸ ಯಾವ ಕ್ರಮದಲ್ಲಿ ನಡೆಯುತ್ತದೆ?

ಮೊದಲು ಮಾದರಿಯನ್ನು ಬಾಗಿಸದೆ, ತಿರುಗಿಸಿ, ಸರಿಸಿ, ಬೇಕಾದರೆ ಹಿಗ್ಗಿಸಿ ಅಥವಾ ಕುಗ್ಗಿಸಿ ಸ್ಕ್ಯಾನಿನ ಹತ್ತಿರಕ್ಕೆ ತರುತ್ತೇವೆ. ಇದಕ್ಕೆ ಕಣ್ಣಿನ ಮೂಲೆ, ಮೂಗಿನ ತುದಿ, ಬಾಯಿಯ ಕೊನೆಗಳಂಥ ಕೆಲವು ಗುರುತುಗಳು ಸಾಕು. ಆಮೇಲೆ ಐಸಿಪಿ ಎಂಬ ಸುತ್ತು ಶುರುವಾಗುತ್ತದೆ. ಪಾಲ್ ಬೆಸ್ಲ್ ಮತ್ತು ನೀಲ್ ಮೆಕೇ 1992ರಲ್ಲಿ ವಿವರಿಸಿದ ಈ ವಿಧಾನದಲ್ಲಿ ಮಾಡುವುದು ಎರಡೇ ಕೆಲಸ: ಪ್ರತಿ ಬಿಂದುವಿಗೂ ಎದುರು ಮೇಲ್ಮೈಯಲ್ಲಿ ಅತಿ ಹತ್ತಿರದ ಬಿಂದುವನ್ನು ಹುಡುಕುವುದು, ಸಿಕ್ಕಿದ ಜೋಡಿಗಳೇ ಸರಿಯೆಂದು ತಾತ್ಕಾಲಿಕವಾಗಿ ನಂಬಿ ಅವುಗಳ ನಡುವಿನ ದೂರ ಆದಷ್ಟು ಕಡಿಮೆಯಾಗುವಂತೆ ಮಾದರಿಯನ್ನು ಸರಿಸುವುದು. ಸರಿಸಿದ ಮೇಲೆ ಹತ್ತಿರದ ಬಿಂದುಗಳು ಬದಲಾಗಿರುತ್ತವೆ, ಆದ್ದರಿಂದ ಮತ್ತೆ ಹುಡುಕಬೇಕು, ಮತ್ತೆ ಸರಿಸಬೇಕು. ಗಡುಸಾದ ವಸ್ತುಗಳಿಗೆಂದು ಹುಟ್ಟಿದ ಇದೇ ಸುತ್ತಿನಲ್ಲಿ, ಎರಡನೆಯ ಕೆಲಸಕ್ಕೆ ಗುಣಾಂಕಗಳ ಬದಲಾವಣೆಯನ್ನೂ ಸೇರಿಸಿದರೆ ಮಣಿಯುವ ಮಾದರಿ ಕೂರತೊಡಗುತ್ತದೆ. ಮೊದಲ ಸುತ್ತುಗಳಲ್ಲಿ ಮುಖದ ಉದ್ದ ಅಗಲಗಳನ್ನು ನಿರ್ಧರಿಸುವ ಹತ್ತಿಪ್ಪತ್ತು ಗುಣಾಂಕಗಳಷ್ಟೇ ಬದಲಾಗಲು ಬಿಡಿ. ಮುಖ ಒಂದು ನೆಲೆಗೆ ನಿಂತ ಮೇಲೆ ಉಳಿದವನ್ನು ಸಡಿಲಿಸಿ.

ಐಸಿಪಿ ಓಡಿಸಿದೆ, ಮಾದರಿಯ ಗಲ್ಲ ಹೋಗಿ ಸ್ಕ್ಯಾನಿನ ಕೊರಳಿನ ಮೇಲೆ ಕೂತಿತು. ಎಲ್ಲಿ ತಪ್ಪಿದೆ?

ಆರಂಭದ ಜಾಗ ತಪ್ಪಿದೆ. ಅತಿ ಹತ್ತಿರದ ಬಿಂದುವನ್ನಷ್ಟೇ ನೋಡುವ ವಿಧಾನಕ್ಕೆ ದೂರದೃಷ್ಟಿ ಇರುವುದಿಲ್ಲ. ನಿಂತಲ್ಲಿಂದ ಇಳಿಜಾರು ಎತ್ತ ಇದೆಯೋ ಅತ್ತ ಇಳಿದು ಮೊದಲು ಸಿಕ್ಕ ಗುಂಡಿಯಲ್ಲಿ ನಿಂತುಬಿಡುತ್ತದೆ. ಸ್ಕ್ಯಾನನ್ನು ಕೊರಳಿನ ಕೆಳಗೆ ಕತ್ತರಿಸಿ, ಗುರುತುಗಳನ್ನು ಇನ್ನೊಮ್ಮೆ ಇಟ್ಟು, ಜೋಡಿಗಳನ್ನು ಒಪ್ಪುವಾಗ ಎರಡು ಕಡೆಯ ಮೇಲ್ಮೈಗಳ ಲಂಬ ದಿಕ್ಕುಗಳನ್ನೂ ಹೋಲಿಸಿ. ಗಲ್ಲದ ತುದಿಯ ಲಂಬ ಮುಂದಕ್ಕೂ ಅದರ ಕೆಳಭಾಗದ ಲಂಬ ನೆಲದ ಕಡೆಗೂ ಮುಖ ಮಾಡಿರುವುದರಿಂದ ಇಂಥ ಜೋಡಿಗಳು ತಾವಾಗಿಯೇ ಬಿದ್ದುಹೋಗುತ್ತವೆ.

ದೂರವನ್ನು ಮಾದರಿಯಿಂದ ಸ್ಕ್ಯಾನಿಗೆ ಅಳೆಯಬೇಕೋ, ಸ್ಕ್ಯಾನಿನಿಂದ ಮಾದರಿಗೋ?

ಮಾದರಿಯಿಂದ ಸ್ಕ್ಯಾನಿಗೆ ಅಳೆದರೆ ತೂತುಗಳು ಕಾಡುತ್ತವೆ: ತೂತಿನ ಜಾಗದಲ್ಲಿರುವ ಮಾದರಿಯ ಬಿಂದುಗಳೆಲ್ಲ ತೂತಿನ ಅಂಚಿಗೆ ಓಡಿ ಗುಂಪುಗೂಡುತ್ತವೆ. ಸ್ಕ್ಯಾನಿನಿಂದ ಮಾದರಿಗೆ ಅಳೆದರೆ ಅಂಗಿಯ ಕಾಲರು, ಕೂದಲ ಗಂಟು ಎಲ್ಲವೂ ಮಾದರಿಯನ್ನು ತಮ್ಮ ಕಡೆಗೆ ಎಳೆಯುತ್ತವೆ. ಮೊದಲನೆಯದನ್ನು ಆರಿಸಿಕೊಂಡು, ಸ್ಕ್ಯಾನಿನ ಅಂಚಿನ ಮೇಲೆ ಬಿದ್ದ ಜೋಡಿಗಳನ್ನು ಕೈಬಿಡುವುದು ನನ್ನ ಪದ್ಧತಿ.

ಸರ್, ದೋಷ ಅರ್ಧ ಮಿಲಿಮೀಟರಿಗಿಂತ ಕಡಿಮಿ ಬಂದದ. ಕೆಲಸ ಮುಗೀತಲ್ರಿ?

ವಿಜಯಪುರದಿಂದ ಪುಣೆಗೆ ಓದಲು ಬಂದ ಹುಡುಗನೊಬ್ಬ ಬಹಳ ಹಿಗ್ಗಿನಿಂದ ಕೇಳಿದ ಪ್ರಶ್ನೆ ಇದು, ಮತ್ತು ಈ ಪುಟದಲ್ಲಿ ಒಂದೇ ಉತ್ತರವನ್ನು ಓದುವ ವ್ಯವಧಾನವಿದ್ದವರು ಇದನ್ನು ಓದಬೇಕೆಂದು ನನ್ನ ಆಸೆ.

ಆ ದೋಷದ ಅಂಕಿ ಹೇಳುವುದು ಮಾದರಿಯ ಮೇಲ್ಮೈ ಸ್ಕ್ಯಾನಿನ ಮೇಲ್ಮೈಗೆ ಎಷ್ಟು ಹತ್ತಿರವಿದೆ ಎಂಬುದನ್ನು ಮಾತ್ರ. ಯಾವ ಬಿಂದು ಎಲ್ಲಿ ಹೋಗಿ ಕೂತಿದೆ ಎಂಬುದು ಅದಕ್ಕೆ ತಿಳಿಯದು. ಕೆನ್ನೆಯಂಥ ನುಣುಪಾದ ಜಾಗದಲ್ಲಿ ಮಾದರಿಯ ಬಿಂದುಗಳು ಒಂದು ಸೆಂಟಿಮೀಟರ್ ಪಕ್ಕಕ್ಕೆ ಜಾರಿದರೂ ಮೇಲ್ಮೈಯನ್ನು ಬಿಟ್ಟು ಏಳುವುದಿಲ್ಲ, ಅಂಕಿ ಕದಲುವುದೇ ಇಲ್ಲ. ನಾವಿಬ್ಬರೂ ಅಂದು ಅವನ ಫಲಿತಾಂಶವನ್ನು ದೊಡ್ಡದು ಮಾಡಿ ನೋಡಿದೆವು. ಸ್ಕ್ಯಾನ್ ಬಣ್ಣದ್ದಾಗಿತ್ತು; ತುಟಿಯ ಕೆಂಪು ಎಲ್ಲಿ ಮುಗಿದು ಚರ್ಮ ಎಲ್ಲಿ ಶುರುವಾಗುತ್ತದೆ ಎಂಬುದು ಸ್ಪಷ್ಟವಾಗಿ ಕಾಣುತ್ತಿತ್ತು. ಮಾದರಿಯಲ್ಲಿ ತುಟಿಗಳ ನಡುವಿನ ಗೆರೆಯೆಂದು ಗುರುತಾಗಿದ್ದ ಬಿಂದುಗಳ ಸಾಲು ಮೇಲ್ತುಟಿಯ ನಟ್ಟನಡುವೆ ಹಾದುಹೋಗಿತ್ತು. ಆ ಬಾಯಿಯನ್ನು ತೆರೆಸಿದ್ದರೆ ಮೇಲ್ತುಟಿ ಅಡ್ಡಲಾಗಿ ಸೀಳುತ್ತಿತ್ತು. ದೋಷದ ಅಂಕಿ ಮಾತ್ರ ಮೊದಲಿನಷ್ಟೇ ಚೆನ್ನಾಗಿತ್ತು.

ಆದ್ದರಿಂದ ಮುಗಿಯಿತೆನ್ನುವ ಮುಂಚೆ ಬೇರೆ ಪರೀಕ್ಷೆಗಳು ಬೇಕು. ಲೆಕ್ಕಕ್ಕೆ ಕೊಡದೆ ಮುಚ್ಚಿಟ್ಟ ನಾಲ್ಕೈದು ಗುರುತುಗಳಿರಲಿ. ಕೂರಿಸಿದ ಮೇಲೆ ಅವು ಎಷ್ಟು ದೂರ ಬಿದ್ದಿವೆಯೆಂದು ಅಳೆಯಿರಿ. ಅದಕ್ಕಿಂತ ನನಗೆ ಹೆಚ್ಚು ನಂಬಿಕೆ ಇರುವುದು ಅರ್ಧದಾರಿಯ ಪರೀಕ್ಷೆಯಲ್ಲಿ. ಕೂರಿಸಿದ ಎರಡು ಮುಖಗಳನ್ನು ಬಣ್ಣಸಮೇತ ತೆಗೆದುಕೊಂಡು ಒಂದರಿಂದ ಇನ್ನೊಂದಕ್ಕೆ ನಿಧಾನವಾಗಿ ಬದಲಾಯಿಸಿ, ನಡುವಿನಲ್ಲಿ ನಿಲ್ಲಿಸಿ. ಹೊಂದಾಣಿಕೆ ಸರಿಯಿದ್ದರೆ ಅಲ್ಲಿ ಇಬ್ಬರನ್ನೂ ಹೋಲುವ, ಇಬ್ಬರೂ ಅಲ್ಲದ ಒಬ್ಬ ಮನುಷ್ಯ ಕಾಣುತ್ತಾನೆ. ತಪ್ಪಿದ್ದರೆ ಹುಬ್ಬು ಎರಡಾಗಿರುತ್ತದೆ, ತುಟಿಯ ಅಂಚು ಮಸುಕಾಗಿ ಕದಡಿರುತ್ತದೆ. ಕಣ್ಣು ಈ ತಪ್ಪನ್ನು ಒಂದು ಕ್ಷಣದಲ್ಲಿ ಹಿಡಿಯುತ್ತದೆ.

ಗಡ್ಡ ಇದ್ದವರ ಗಲ್ಲ ಯಾವಾಗಲೂ ಉದ್ದವಾಗಿ ಬರುತ್ತದೆ. ಏನು ಮಾಡಲಿ?

ಸ್ಕ್ಯಾನರಿಗೆ ಕಾಣುವುದು ಗಡ್ಡದ ಹೊರಮೈ, ಮಾದರಿಗೆ ಗೊತ್ತಿರುವುದು ಚರ್ಮ ಮಾತ್ರ. ಹಾಗಾಗಿ ಅದು ಗಡ್ಡವನ್ನೇ ಗಲ್ಲವೆಂದು ತಿಳಿಯುತ್ತದೆ. ಗಡ್ಡದ ಜಾಗವನ್ನು ಗುರುತಿಸಿ ಅಲ್ಲಿನ ಬಿಂದುಗಳಿಗೆ ಲೆಕ್ಕದಲ್ಲಿ ತೂಕ ಕೊಡಬೇಡಿ. ಕುರುಚಲು ಗಡ್ಡಕ್ಕೆ ಅಷ್ಟು ಬೇಡ: ದೂರದ ವರ್ಗವನ್ನು ಕೂಡಿಸುವ ಬದಲು, ದೊಡ್ಡ ದೂರಗಳ ಪ್ರಭಾವವನ್ನು ತಗ್ಗಿಸುವ ಹ್ಯೂಬರ್ ಅಳತೆಯಂಥದನ್ನು ಬಳಸಿದರೆ ಸಾಕಾಗುತ್ತದೆ.

## ಆಳಕ್ಕಿಳಿದವರ ಪ್ರಶ್ನೆಗಳು

ಗುಣಾಂಕಗಳ ಮೇಲಿನ ಹಿಡಿತವನ್ನು ಎಷ್ಟು ಬಿಗಿಯಾಗಿ ಇಡಬೇಕು?

ಹಿಡಿತವೇ ಇಲ್ಲದಿದ್ದರೆ ಮಾದರಿ ಸ್ಕ್ಯಾನಿನ ಗದ್ದಲವನ್ನೂ, ಅಂದರೆ ಅಳತೆಯ ಚಿಲ್ಲರೆ ತಪ್ಪುಗಳನ್ನೂ, ಹಿಂಬಾಲಿಸಿ, ಮನುಷ್ಯರಲ್ಲಿ ಎಲ್ಲಿಯೂ ಕಾಣದ ಮುಖವನ್ನು ತಂದಿಡುತ್ತದೆ. ಹಿಡಿತ ವಿಪರೀತವಾದರೆ ಎಲ್ಲರೂ ಸರಾಸರಿ ಮುಖದ ಒಡಹುಟ್ಟಿದವರಂತೆ ಕಾಣುತ್ತಾರೆ. ಸಾಮಾನ್ಯವಾಗಿ ಪ್ರತಿ ಗುಣಾಂಕವನ್ನೂ ಅದರ ಮಾನಕ ವಿಚಲನೆಯಿಂದ, ಅಂದರೆ ಅದು ಸರಾಸರಿಯಿಂದ ಎಷ್ಟು ಚದುರುತ್ತದೆ ಎಂಬುದರ ಅಳತೆಯಿಂದ, ಭಾಗಿಸಿ, ವರ್ಗ ಮಾಡಿ, ಎಲ್ಲವನ್ನೂ ಕೂಡಿಸಿ, ಆ ಮೊತ್ತಕ್ಕೊಂದು ತೂಕ ಕೊಟ್ಟು ದೂರದ ದೋಷದೊಂದಿಗೆ ಸೇರಿಸುತ್ತೇವೆ.

ಆ ಮೊತ್ತದ ಹೆಸರನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಅದು ನಮ್ಮ ನೆಲದಲ್ಲಿ, ಮನುಷ್ಯರ ತಲೆ ಮತ್ತು ಮುಖಗಳನ್ನು ಅಳೆಯುವ ಕೆಲಸದಲ್ಲಿಯೇ ಹುಟ್ಟಿದ್ದು. ಅದು ಮಹಾಲನೋಬಿಸ್ ದೂರದ ವರ್ಗ. ಸಂಖ್ಯಾಶಾಸ್ತ್ರಜ್ಞ ಪ್ರಶಾಂತಚಂದ್ರ ಮಹಾಲನೋಬಿಸರು ಕಲ್ಕತ್ತೆಯ ಆಂಗ್ಲೋ-ಇಂಡಿಯನ್ ಜನರ ದೇಹದ ಅಳತೆಗಳನ್ನು ವಿಶ್ಲೇಷಿಸುತ್ತ ಹೊರಟವರು. ಒಂದಕ್ಕೊಂದು ಸಂಬಂಧವಿರುವ ಅಳತೆಗಳನ್ನು ಒಟ್ಟಿಗೆ ಹೋಲಿಸುವುದು ಹೇಗೆಂಬ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರ 1936ರಲ್ಲಿ ಪೂರ್ಣರೂಪದಲ್ಲಿ ಪ್ರಕಟವಾಯಿತು. ಅದೇ ದೂರವನ್ನು ಬಳಸಿ ಸಂಯುಕ್ತ ಪ್ರಾಂತ್ಯದ (ಬಹುಪಾಲು ಇಂದಿನ ಉತ್ತರ ಪ್ರದೇಶ) 1941ರ ಮಾನವಮಿತಿ ಸಮೀಕ್ಷೆಯ ಲೆಕ್ಕ ಮಾಡಿದವರಲ್ಲಿ ಸಿ. ಆರ್. ರಾವ್ ಒಬ್ಬರು. ಅವರು 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ.

ಈ ದೂರದಿಂದ ನಿತ್ಯದ ಕೆಲಸಕ್ಕೆ ಒಂದು ಅಳತೆಗೋಲೂ ಸಿಗುತ್ತದೆ. ಮಾದರಿಯ ಗುಣಾಂಕಗಳು ಗಂಟೆಯಾಕಾರದ ಸಾಮಾನ್ಯ (ನಾರ್ಮಲ್) ವಿತರಣೆಯನ್ನು ಅನುಸರಿಸುತ್ತವೆ ಎಂದಿಟ್ಟುಕೊಂಡರೆ, ಒಂದು ಸಹಜ ಮುಖದ ಮೊತ್ತ ಸರಿಸುಮಾರು ಗುಣಾಂಕಗಳ ಸಂಖ್ಯೆಯಷ್ಟೇ ಇರಬೇಕು. ನೂರು ಗುಣಾಂಕಗಳಿದ್ದರೆ ಮೊತ್ತ ನೂರರ ಆಸುಪಾಸು. ನಾನೂರು ಐನೂರು ಬಂದರೆ ಹಿಡಿತ ಸಡಿಲ, ಇಪ್ಪತ್ತು ಬಂದರೆ ವಿಪರೀತ ಬಿಗಿ. ಸರಾಸರಿ ಮುಖದಂತೆಯೇ ಇರುವ ಮನುಷ್ಯ ಸಿಗುವುದೇ ಅಪರೂಪವೆಂಬುದೂ ಇದರಿಂದ ತಿಳಿಯುತ್ತದೆ.

ಯುರೋಪಿನವರ ಮುಖಗಳಿಂದ ಮಾಡಿದ ಮಾದರಿ ನಮ್ಮವರ ಮುಖಕ್ಕೆ ಕೂರುತ್ತದೆಯೇ?

ಒಟ್ಟಾರೆ ಕೂರುತ್ತದೆ, ಆದರೆ ಎಲ್ಲಿ ಸೋಲುತ್ತದೆ ಎಂಬುದನ್ನು ಅದು ತಾನಾಗಿ ಹೇಳುವುದಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದವರು 2009ರಲ್ಲಿ ಕೊಟ್ಟ ಮಾದರಿ 200 ಜನರ ಸ್ಕ್ಯಾನಿನಿಂದ ಆದದ್ದು, ಅವರಲ್ಲಿ ಹೆಚ್ಚಿನವರು ಯುರೋಪಿನವರು. 2017ರ ಫ್ಲೇಮ್ ಎಂಬ ಮಾದರಿಯ ಆಕಾರಗಳು ಸುಮಾರು 3,800 ತಲೆಗಳ ಸ್ಕ್ಯಾನಿನಿಂದ ಬಂದವು, ಆ ಜನ ಅಮೆರಿಕ ಮತ್ತು ಯುರೋಪಿನವರು. 2016ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಅಲ್ಲಿನ ವಿಜ್ಞಾನ ಸಂಗ್ರಹಾಲಯಕ್ಕೆ ಬಂದ ಜನರ ಸ್ಕ್ಯಾನುಗಳಿಂದ 9,663 ಮುಖಗಳ ಮಾದರಿ ಕಟ್ಟಿದರು. ವಯಸ್ಸು ಮತ್ತು ಮೂಲದ ವೈವಿಧ್ಯ ಅದರಲ್ಲಿ ಹೆಚ್ಚು.

ಮಾದರಿ ತಾನು ಕಂಡ ಮುಖಗಳ ಮಿಶ್ರಣವನ್ನಷ್ಟೇ ಮಾಡಬಲ್ಲದು. ನಮ್ಮ ಕೋಣೆಯಲ್ಲಿ ಹೊಳ್ಳೆಯ ಅಗಲ, ರೆಪ್ಪೆಯ ಮಡಿಕೆ, ತುಟಿಯ ದಪ್ಪ ಈ ಜಾಗಗಳಲ್ಲಿ ಉಳಿಕೆ ದೋಷ ಪದೇ ಪದೇ ಒಂದೇ ದಿಕ್ಕಿಗೆ ಬೀಳುವುದನ್ನು ಕಂಡಿದ್ದೇನೆ. ಯಾದೃಚ್ಛಿಕ ದೋಷ ಹೀಗೆ ವರ್ತಿಸುವುದಿಲ್ಲ. ಆ ಮುಖ ಮಾದರಿಯ ಅನುಭವಕ್ಕೆ ಹೊರಗಿನದು ಎಂಬುದರ ಗುರುತು ಇದು. ನಮ್ಮ ಜನರ ಸಾವಿರಾರು ಸ್ಕ್ಯಾನುಗಳಿಂದ, ಅವರ ಒಪ್ಪಿಗೆ ಪಡೆದು ಕಟ್ಟಿದ ಮಾದರಿ ನಮಗೆ ತುರ್ತಾಗಿ ಬೇಕು. ಅಲ್ಲಿಯವರೆಗೆ ಕೆಳಗಿನ ಉತ್ತರದಲ್ಲಿರುವ, ಬರೀ ಜಾಲವನ್ನು ಮಣಿಸುವ ಎರಡನೆಯ ಹಂತವನ್ನು ಬಿಡಬೇಡಿ.

ಪಿಸಿಎ ಮಾದರಿ ಕೂತ ಮೇಲೆಯೂ ಮೂಗಿನ ಹತ್ತಿರ ಸಂದು ಉಳಿಯುತ್ತದೆ. ಅದನ್ನು ಮುಚ್ಚುವುದು ಹೇಗೆ?

ಅಲ್ಲಿಂದ ಮುಂದೆ ಮಾದರಿಯನ್ನು ಬಿಟ್ಟು ಬರೀ ಜಾಲವನ್ನು ಮಣಿಸಬೇಕು. ಬ್ರಯಾನ್ ಆಂಬರ್ಗ್ ಮತ್ತು ಸಂಗಡಿಗರು 2007ರಲ್ಲಿ ತಂದ ವಿಧಾನ ಇದಕ್ಕೆ ಇಂದಿಗೂ ಒಳ್ಳೆಯದು. ಅದರಲ್ಲಿ ಜಾಲದ ಪ್ರತಿ ಬಿಂದುವಿಗೂ ತನ್ನದೇ ಒಂದು ರೂಪಾಂತರ, ಅಂದರೆ ಅದನ್ನು ಸರಿಸುವ, ತಿರುಗಿಸುವ, ಹಿಗ್ಗಿಸುವ ಲೆಕ್ಕ, ಇರುತ್ತದೆ. ಅಕ್ಕಪಕ್ಕದ ಬಿಂದುಗಳ ರೂಪಾಂತರಗಳು ಒಂದಕ್ಕೊಂದು ತೀರ ಬೇರೆಯಾದರೆ ಲೆಕ್ಕದಲ್ಲಿ ದಂಡ ಬೀಳುತ್ತದೆ. ಮೊದಲು ದಂಡವನ್ನು ಹೆಚ್ಚಿಟ್ಟು, ಹಂತಹಂತವಾಗಿ ಇಳಿಸುತ್ತಾರೆ. ಹೆಚ್ಚಿದ್ದಾಗ ಜಾಲ ತಗಡಿನಂತೆ ಒಟ್ಟಾಗಿ ಚಲಿಸುತ್ತದೆ, ಇಳಿಸಿದಂತೆಲ್ಲ ಒದ್ದೆ ಬಟ್ಟೆಯಂತೆ ಮೈಗೆ ಅಂಟುತ್ತದೆ. ಆತುರದಿಂದ ಒಮ್ಮೆಲೇ ಇಳಿಸಿದವರ ಜಾಲ ಹೊಳ್ಳೆಯ ಬಳಿ ಮಡಚಿಕೊಳ್ಳುತ್ತದೆ. ಹೀಗೆ ಅಂಟಿಸಿದ ಮುಖಕ್ಕೆ ಸಂಖ್ಯಾಶಾಸ್ತ್ರದ ಹಿಡಿತ ಇರುವುದಿಲ್ಲವಾದ್ದರಿಂದ ತುಟಿ ಮತ್ತು ರೆಪ್ಪೆಯ ಗುರುತುಗಳನ್ನು ಕೊನೆಯವರೆಗೂ ಕಟ್ಟಿಹಾಕಿಯೇ ಇರಬೇಕು.

ಡೊಂಬಿವಲಿಯ ನಮ್ಮ ಯಕ್ಷಗಾನ ಕಲಾವಿದರ ಮುಖಭಾವಗಳನ್ನು ಸ್ಕ್ಯಾನ್ ಮಾಡಿದ್ದೇವೆ. ಹುಬ್ಬೇರಿಸಿದರೆ ಮುಖದ ಆಕಾರವೇ ಬದಲಾಗಿ ಬೇರೆ ಮನುಷ್ಯನಂತೆ ಕೂರುತ್ತದೆ. ಯಾಕೆ?

ಯಾಕೆಂದರೆ ಮಾದರಿ ಭಾವವನ್ನು ಮೈಕಟ್ಟೆಂದು ತಿಳಿದಿದೆ. ಸಹಜವಾಗಿ ದಪ್ಪವಿರುವ ತುಟಿಗೂ ಮುಂದಕ್ಕೆ ಚಾಚಿದ ತುಟಿಗೂ ಒಂದೇ ಸ್ಕ್ಯಾನಿನಲ್ಲಿ ವ್ಯತ್ಯಾಸ ಹೇಳುವುದು ಕಷ್ಟ. ಆದ್ದರಿಂದ ಮೊದಲು ಭಾವವಿಲ್ಲದ, ಬಾಯಿ ಮುಚ್ಚಿದ ಒಂದು ಸ್ಕ್ಯಾನ್ ತೆಗೆದು ಅವರ ಆಕಾರದ ಗುಣಾಂಕಗಳನ್ನು ಕಂಡುಕೊಳ್ಳಿ. ಮುಂದಿನ ಎಲ್ಲ ಸ್ಕ್ಯಾನುಗಳಲ್ಲಿ ಅವನ್ನು ಕದಲಿಸದೆ ಭಾವದ ಗುಣಾಂಕಗಳನ್ನು ಮಾತ್ರ ಹುಡುಕಿ. ಫ್ಲೇಮ್ ಮಾದರಿಯಲ್ಲಿ ದವಡೆ, ಕೊರಳು, ಕಣ್ಣುಗುಡ್ಡೆಗಳು ಕೀಲುಗಳಾಗಿ ತಿರುಗುವುದರಿಂದ ಬಾಯಿ ತೆರೆಯುವ ಚಲನೆ ಭಾವದ ಲೆಕ್ಕದಿಂದ ಬೇರೆಯಾಗಿಯೇ ಸಿಗುತ್ತದೆ. ಬಣ್ಣಗಾರಿಕೆಗೆ ಮುಂಚೆಯೇ ಸ್ಕ್ಯಾನ್ ಮಾಡಿ. ರಾಕ್ಷಸವೇಷದ ಚಿಟ್ಟಿ, ಅಂದರೆ ಮುಖದ ಮೇಲಿನ ಹಿಟ್ಟಿನ ಉಬ್ಬುಚುಕ್ಕೆಗಳನ್ನು, ಇಟ್ಟ ಮೇಲೆ ಚರ್ಮದ ಮೇಲ್ಮೈಯೇ ಸಿಗುವುದಿಲ್ಲ. ಎಷ್ಟೋ ಮಾದರಿಗಳಲ್ಲಿ ನಾಲಿಗೆ, ಹಲ್ಲುಗಳು ಇರುವುದಿಲ್ಲ ಎಂಬುದನ್ನೂ ಕಲಾವಿದರಿಗೆ ಮೊದಲೇ ತಿಳಿಸಿ.

ಅಪಘಾತದಲ್ಲಿ ಮೂಗು ಕಳೆದುಕೊಂಡ ರೋಗಿಗೆ ಮಾದರಿಯಿಂದ ಮೂಗಿನ ಆಕಾರ ಪಡೆದು ಕೃತಕ ಮೂಗು ಮಾಡಬಹುದೇ?

ಪುಣೆಯ ದಂತವೈದ್ಯೆಯೊಬ್ಬರು ಕೇಳಿದ್ದು. ಪೆಟ್ಟಾದ ಜಾಗವನ್ನು ಲೆಕ್ಕದಿಂದ ಬಿಟ್ಟು, ಉಳಿದ ಮುಖಕ್ಕೆ ಮಾತ್ರ ಮಾದರಿಯನ್ನು ಕೂರಿಸಿದರೆ ಖಾಲಿ ಜಾಗದಲ್ಲಿ ಒಂದು ಮೂಗು ತಾನಾಗಿ ಬರುತ್ತದೆ. ಅಂಥ ಕೆನ್ನೆ, ಅಂಥ ಹಣೆ, ಅಂಥ ತುಟಿ ಇರುವವರಲ್ಲಿ ಮಾದರಿ ನಿರೀಕ್ಷಿಸುವ ಮೂಗು ಅದು. ಆ ವ್ಯಕ್ತಿಯ ಮೂಗೇ ಅದೆಂದು ಹೇಳಲು ಬರುವುದಿಲ್ಲ. ಅದೇ ಕೆನ್ನೆ ಹಣೆಗಳಿಗೆ ಒಪ್ಪುವ ಬೇರೆ ಮೂಗುಗಳನ್ನೂ ಮಾದರಿಯಿಂದ ತೆಗೆಯಬಹುದು, ಮತ್ತು ಒಂದರ ಬದಲು ಐದಾರನ್ನು ತೆಗೆದು ಮುಂದಿಡುವುದೇ ಸರಿಯಾದ ಕ್ರಮ. ಹಳೆಯ ಫೋಟೋಗಳನ್ನು ಪಕ್ಕದಲ್ಲಿಟ್ಟು ರೋಗಿಯೂ ಮನೆಯವರೂ ಆರಿಸಲಿ. ಆ ವೈದ್ಯೆಗೆ ಫೈಲು ಕಳಿಸುವಾಗ ನಾನು ಅಳೆದು ಪಡೆದ ಚರ್ಮವನ್ನು ಬೂದು ಬಣ್ಣದಲ್ಲಿಯೂ ಮಾದರಿ ತುಂಬಿದ ಭಾಗವನ್ನು ಹಳದಿಯಲ್ಲಿಯೂ ಇಟ್ಟೆ. ಎರಡೂ ಕೂಡುವ ಅಂಚಿನಲ್ಲಿ ಕೃತಕ ಮೂಗು ಚರ್ಮಕ್ಕೆ ತಾಗಿ ಕೂರಬೇಕಾದ್ದರಿಂದ ಅಲ್ಲಿ ಸ್ಕ್ಯಾನಿನ ಬಿಂದುಗಳನ್ನೇ ಉಳಿಸಿಕೊಂಡೆ.